ಹಮೀದಾ ಬಾನು ಹಾಗೆ ಆಗುತ್ತೇನೆ ಅನ್ನುವ ಮಗಳನ್ನು ಕುಸ್ತಿಗೆ ಕಳಿಸಬಹುದೇ?

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ, ಹತ್ತನೇ ತರಗತಿ. ಎತ್ತರ 156 ಸೆಂ.ಮೀ., ತೂಕ 52 ಕೆ.ಜಿ. ಎರಡು ವರ್ಷದಿಂದ ಊರ ಗರಡಿಯಲ್ಲಿ ಸಾಮು ಮಾಡುತ್ತಿದ್ದಾಳೆ. ಗೂಗಲ್‌ನಲ್ಲಿ ಹಿಂದಿನ ಕಾಲದ ಮಹಿಳಾ ಪೈಲ್ವಾನ್ ಹಮೀದಾ ಬಾನು ಚಿತ್ರ ನೋಡಿದಾಗಿನಿಂದ ಅವರದೇ ಜಪ. ಓದುವ ಮೇಜಿನ ಮೇಲೆ ಅವರ ಫೋಟೊ ಅಂಟಿಸಿಕೊಂಡಿದ್ದಾಳೆ, ಕುಸ್ತಿಯನ್ನೇ ಕಸುಬು ಮಾಡಿಕೊಳ್ಳುತ್ತೇನೆ ಅನ್ನುತ್ತಾಳೆ. ನಮ್ಮಣ್ಣ, 'ಅದೆಲ್ಲ ಮೊದಲೇ ಮಾತಾಡಿಕೊಂಡು ಬೀಳುವ ನಾಟಕದ ಕುಸ್ತಿ, ಕೊನೆಗೆ ಅವಳು ರಸ್ತೆ ಬದಿಯಲ್ಲಿ ತಿಂಡಿ ಮಾರಿ ಸತ್ತಳು' ಅನ್ನುತ್ತಾನೆ. ಅತ್ತೆಗೆ ಗರ್ಭಕೋಶ ಜಾರುತ್ತದೆ ಎಂಬ ಹೆದರಿಕೆ. ವಸ್ತಾದರು ಹಮೀದಾ ಬಾನು ಊಟದ ಪಟ್ಟಿ ತೋರಿಸಿ, ದಿನಕ್ಕೆ ಮೂರು ಲೀಟರ್ ಹಾಲು, ಕಾಲು ಕೆ.ಜಿ. ಬಾದಾಮಿ ಕೊಡಿ ಅಂದಿದ್ದಾರೆ. ಶಾಲೆಯ ಪಿ.ಟಿ. ಮೇಷ್ಟ್ರು ಅದಕ್ಕೆ ತದ್ವಿರುದ್ಧ: ಪಂದ್ಯಕ್ಕೆ ಹತ್ತು ದಿನ ಇದೆ, 49 ಕೆ.ಜಿ.ಗೆ ಇಳಿಸಿ ಅನ್ನುತ್ತಾರೆ. ಜಾತ್ರೆಯಲ್ಲಿ ಹುಡುಗರ ಜೊತೆ ಜೋಡಿ ಕಟ್ಟುವ ಮಾತೂ ನಡೆದಿದೆ. ಇದರ ನಡುವೆ ಒಬ್ಬರು ಬಂದು, ಟಿ.ವಿ. ಕುಸ್ತಿಗೆ ತಯಾರು ಮಾಡುತ್ತೇವೆ, ಐದು ವರ್ಷದ ಕಾಗದಕ್ಕೆ ಸಹಿ ಹಾಕಿ ಎಂದು ಹೇಳಿ ಹೋಗಿದ್ದಾರೆ. ಏನು ಮಾಡಲಿ?
ಹಾವೇರಿ ಜಿಲ್ಲೆಯ ತಾಯಿಯೊಬ್ಬರು

ಉತ್ತರ: ನೀವು ಕೇಳಿರುವುದು ಐದಾರು ಸಂಗತಿ, ಅವುಗಳಡಿ ಇರುವ ಆತಂಕ ಒಂದೇ. ಈ ದಾರಿ ಹಿಡಿದ ಹೆಣ್ಣುಮಗಳ ಮೈ ಉಳಿಯುತ್ತದೆಯೇ, ಬದುಕು ಉಳಿಯುತ್ತದೆಯೇ? ಹಮೀದಾ ಬಾನು ಅವರಿಂದಲೇ ಶುರು ಮಾಡುತ್ತೇನೆ. ನಿಮ್ಮ ಮನೆಯಲ್ಲಿ ಎಲ್ಲರೂ ಸಾಕ್ಷಿಗೆ ಕರೆಯುತ್ತಿರುವುದು ಅವರನ್ನೇ. ಮಗಳು ಅವರ ಗೆಲುವನ್ನು ನೋಡುತ್ತಾಳೆ, ನಿಮ್ಮಣ್ಣ ಅವರ ಕೊನೆಗಾಲವನ್ನು, ವಸ್ತಾದರು ಅವರ ತಟ್ಟೆಯನ್ನು. ಮೂವರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ, ಪೂರ್ತಿ ನಿಜ ಯಾರದ್ದೂ ಅಲ್ಲ.

ಹಮೀದಾ ಬಾನು ಮೂಲತಃ ಉತ್ತರ ಪ್ರದೇಶದ ಮಿರ್ಜಾಪುರದವರು. ಅಲಿಗಢಕ್ಕೆ ಬಂದು ಸಲಾಂ ಪೈಲ್ವಾನರ ಬಳಿ ತಾಲೀಮು ಮಾಡಿದರು. ಆಗ ಹೆಂಗಸರಿಗೆಂದೇ ಕುಸ್ತಿ ಸ್ಪರ್ಧೆಗಳಿರಲಿಲ್ಲ, ಕಣಕ್ಕಿಳಿಯಬೇಕಾದರೆ ಗಂಡಸರ ಎದುರೇ ಇಳಿಯಬೇಕಿತ್ತು. 1954ರ ಫೆಬ್ರವರಿಯಲ್ಲಿ 'ಕುಸ್ತಿಯಲ್ಲಿ ನನ್ನನ್ನು ಸೋಲಿಸಿದವನನ್ನು ಮದುವೆಯಾಗುತ್ತೇನೆ' ಎಂದು ಸವಾಲು ಹಾಕಿದರು. ಪಟಿಯಾಲಾದ ಒಬ್ಬ, ಕೋಲ್ಕತ್ತದ ಒಬ್ಬ ಸೋತರು. ಮೇ ತಿಂಗಳಲ್ಲಿ ವಡೋದರಾಕ್ಕೆ ಹೋದಾಗ, ಎದುರಾಳಿಯಾಗಬೇಕಿದ್ದ ಛೋಟಾ ಗಾಮಾ ಪೈಲ್ವಾನ್ 'ಹೆಂಗಸಿನ ಜೊತೆ ಕುಸ್ತಿ ಹಿಡಿಯುವುದಿಲ್ಲ' ಎಂದು ಕೊನೇ ಗಳಿಗೆಯಲ್ಲಿ ಹಿಂದೆ ಸರಿದರು. ಆತನ ಬದಲು ಇಳಿದ ಬಾಬಾ ಪೈಲ್ವಾನ್ 1 ನಿಮಿಷ 34 ಸೆಕೆಂಡಿನಲ್ಲಿ ಚಿತ್ ಆದರು. ಆ ಸುದ್ದಿ ವಿದೇಶದ ಪತ್ರಿಕೆಗಳವರೆಗೂ ಹೋಯಿತು. 2024ರ ಮೇ 4ರಂದು ಗೂಗಲ್ ಚಿತ್ರ ಹಾಕಿದ್ದು ಅದರ ನೆನಪಿಗೇ. ಅದೇ 1954ರಲ್ಲಿ ಮುಂಬೈಯಲ್ಲಿ ರಷ್ಯಾದ 'ಹೆಣ್ಣು ಕರಡಿ' ಎಂದು ಹೆಸರಾದ ವೆರಾ ಚಿಸ್ತಿಲಿನ್ ಅವರನ್ನು ಒಂದು ನಿಮಿಷವೂ ತುಂಬದ ಕುಸ್ತಿಯಲ್ಲಿ ಕೆಡವಿದರು. ಅಷ್ಟು ಹೊತ್ತಿಗೆ ಮುನ್ನೂರಕ್ಕೂ ಹೆಚ್ಚು ಕುಸ್ತಿ ಗೆದ್ದಿದ್ದೇನೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಇದು ನಾಟಕವೇ? ನಿಮ್ಮಣ್ಣನ ಮಾತನ್ನು ಒಂದೇ ಏಟಿಗೆ ತಳ್ಳಿಹಾಕಲಾರೆ. ಆ ಕಾಲದಲ್ಲೇ ಈ ಅನುಮಾನ ಇತ್ತು. ಕೊಲ್ಹಾಪುರದಲ್ಲಿ ಶೋಭಾ ಸಿಂಗ್ ಪಂಜಾಬಿಯನ್ನು ಸೋಲಿಸಿದಾಗ ಜನ ಕಲ್ಲು ತೂರಿದರು, ಪೊಲೀಸರು ಬರಬೇಕಾಯಿತು. ತಮ್ಮ ಕುಸ್ತಿಗಳಿಗೆ ತಡೆ ಬೀಳುತ್ತಿದೆ ಎಂದು ಆಕೆ ಬಾಂಬೆ ರಾಜ್ಯದ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ ಅವರಿಗೆ ದೂರಿದಾಗ ಬಂದ ಉತ್ತರ: ಹೆಣ್ಣೆಂಬ ಕಾರಣಕ್ಕಲ್ಲ, ಸಂಘಟಕರು ನಿಮ್ಮೆದುರು ಡಮ್ಮಿ ಪೈಲ್ವಾನರನ್ನು ನಿಲ್ಲಿಸುತ್ತಾರೆಂಬ ದೂರುಗಳಿವೆ. ಟಿಕೆಟ್ ಮಾರಿ ನಡೆಸುವ ಕುಸ್ತಿಯಲ್ಲಿ ಹೊಂದಾಣಿಕೆ ಹೊಸದೇನಲ್ಲ. ಉತ್ತರದ ಅಖಾಡಗಳಲ್ಲಿ ಅದಕ್ಕೆ 'ನೂರಾ ಕುಸ್ತಿ' ಎಂಬ ಹೆಸರೇ ಇದೆ. ಆದರೆ ಆ ದೂರು ಯಾರ ಮೇಲಿತ್ತು ನೋಡಿ: ಜೋಡಿ ಕಟ್ಟುವ ಸಂಘಟಕರ ಮೇಲೆ. 1944ರಲ್ಲಿ ಮುಂಬೈಯಲ್ಲಿ ಗೂಂಗಾ ಪೈಲ್ವಾನ್ ಜೊತೆಗಿನ ಆಕೆಯ ಕುಸ್ತಿ ನೋಡಲು 20 ಸಾವಿರ ಜನ ಸೇರಿದ್ದರು. ಎದುರಾಳಿ ಹೆಚ್ಚು ಹಣ, ಹೆಚ್ಚು ಸಮಯ ಕೇಳಿದ್ದರಿಂದ ಪಂದ್ಯವೇ ರದ್ದಾಯಿತು, ಸಿಟ್ಟಾದ ಜನ ಕ್ರೀಡಾಂಗಣವನ್ನು ಧ್ವಂಸ ಮಾಡಿದರು. ಕೆಲವು ಜೋಡಿ ಹಗುರವಾಗಿದ್ದಿರಬಹುದು. ಆದರೆ 5 ಅಡಿ 3 ಅಂಗುಲ ಎತ್ತರ, 108 ಕೆ.ಜಿ. ತೂಕ, ದಿನಕ್ಕೆ ಆರು ತಾಸು ತಾಲೀಮು ಎಂದು ವರದಿಯಾಗಿರುವ ಆ ಮೈ ನಾಟಕದ್ದಲ್ಲ.

ಹೆಂಗಸು ಗಂಡಸನ್ನು ಒಂದೂವರೆ ನಿಮಿಷದಲ್ಲಿ ಕೆಡವುವುದು ದೇಹಶಾಸ್ತ್ರದ ಪ್ರಕಾರ ಸಾಧ್ಯವೇ ಎಂದು ಕೆಲವರು ಕೇಳುತ್ತಾರೆ. ಸಾಧ್ಯ. ಮಣ್ಣಿನ ಕುಸ್ತಿಯಲ್ಲಿ ಅಂಕದ ಲೆಕ್ಕವಿಲ್ಲ, ಬೆನ್ನು ನೆಲಕ್ಕೆ ಹತ್ತಿದರೆ ಮುಗಿಯಿತು. ಇಂದಿನಂತೆ ಮೂರು ನಾಲ್ಕು ಕೆ.ಜಿ. ಅಂತರದ ವಿಭಾಗಗಳೂ ಆಗ ಇರಲಿಲ್ಲ. ಗಿಡ್ಡ ಮೈ, ಭಾರೀ ತೂಕ ಎಂದರೆ ದೇಹದ ಗುರುತ್ವಕೇಂದ್ರ ನೆಲಕ್ಕೆ ಹತ್ತಿರ. ಅಂಥ ಮೈಯನ್ನು ಎತ್ತುವುದು ಕಷ್ಟ, ಅದು ಸೊಂಟಕ್ಕೆ ಬಿದ್ದರೆ ತಡೆಯುವುದು ಇನ್ನೂ ಕಷ್ಟ. ಮೊದಲ ಪಟ್ಟಿಗೇ ಮೇಲಿನ ಪೈಲ್ವಾನ ಪೂರ್ತಿ ಭಾರ ಹಾಕಿದರೆ ಎದುರಾಳಿಗೆ ತಿರುಗಿ ಮೇಲೇಳುವ ಅವಕಾಶವೇ ಇರುವುದಿಲ್ಲ. ಬೇಗ ಮುಗಿದ ಕುಸ್ತಿ ಎಂದ ಮಾತ್ರಕ್ಕೆ ಸುಳ್ಳು ಕುಸ್ತಿ ಅಲ್ಲ.

ಈಗ ಕೊನೆಗಾಲದ ಮಾತು. ನಿಮ್ಮ ಮನೆಯವರು ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು ಎಂಬುದು ನನ್ನ ಆಸೆ. 1954ರಲ್ಲೇ ಆಕೆ ಯುರೋಪಿಗೆ ಹೋಗಿ ಕುಸ್ತಿ ಹಿಡಿಯುವುದಾಗಿ ಹೇಳಿದ್ದರು. ಹೋಗಲಿಲ್ಲ. ಕಣದಿಂದಲೇ ಮರೆಯಾದರು. ಆಕೆ ವಿದೇಶಕ್ಕೆ ಹೋಗುವುದು ಸಲಾಂ ಪೈಲ್ವಾನರಿಗೆ ಇಷ್ಟವಿರಲಿಲ್ಲ, ಹೊಡೆದು ಕೈ ಮುರಿದರು ಎಂದು ಮೊಮ್ಮಗ ಹೇಳಿದ್ದಾರೆ. ಮುಂಬೈ ಹತ್ತಿರದ ಕಲ್ಯಾಣ್‌ನಲ್ಲಿ ಹಾಲು ಮಾರಿ, ಮನೆ ಬಾಡಿಗೆಗೆ ಕೊಟ್ಟು, ಕೈ ಬರಿದಾದಾಗ ತಿಂಡಿ ಮಾರಿ ಬದುಕಿದರು. 1986ರಲ್ಲಿ ತೀರಿಕೊಂಡರು. ನಿಮ್ಮಣ್ಣ ಹೇಳಿದ ತಿಂಡಿಯ ಮಾತು ನಿಜವೇ. ಆದರೆ ಆಕೆಯನ್ನು ಆ ಸ್ಥಿತಿಗೆ ತಂದದ್ದು ಕುಸ್ತಿಯಲ್ಲ. ಯಾರ ಜೊತೆ ಹಿಡಿಯಬೇಕು, ಎಲ್ಲಿ ಹಿಡಿಯಬೇಕು, ಎಲ್ಲಿಗೆ ಹೋಗಬಾರದು ಎಂಬ ತೀರ್ಮಾನ ಆಕೆಯ ಕೈಯಲ್ಲಿರಲಿಲ್ಲ. ಆಕೆಗೆ ಸಂಘವಿರಲಿಲ್ಲ, ವಿಮೆಯಿರಲಿಲ್ಲ, ದೂರು ಕೊಡುವ ಜಾಗವಿರಲಿಲ್ಲ, ಆಟ ಮುಗಿದ ಮೇಲೆ ಹಿಡಿಯಬಹುದಾದ ನೌಕರಿಯಿರಲಿಲ್ಲ. ಮಗಳ ವಿಷಯದಲ್ಲಿ ನೀವು ಕಾಯಬೇಕಾದ ಜಾಗ ಇದೇ. ತೂಕ, ಗಾಯ, ಎದುರಾಳಿ, ಹಣ: ಈ ನಾಲ್ಕರ ತೀರ್ಮಾನ ಯಾರ ಕೈಯಲ್ಲಿದೆ ಎಂದು ಪ್ರತಿ ಹಂತದಲ್ಲೂ ಕೇಳಿಕೊಳ್ಳಿ.

ಅತ್ತೆಯವರ ಭಯಕ್ಕೆ ಉತ್ತರ ಚಿಕ್ಕದು. ಗರ್ಭಕೋಶ ಕಿಬ್ಬೊಟ್ಟೆಯ ಕೆಳಗೆ, ಸೊಂಟದ ಎಲುಬಿನ ಬಟ್ಟಲೊಳಗೆ ಭದ್ರವಾಗಿ ಕುಳಿತಿರುವ ಅಂಗ. ಬಿದ್ದರೆ, ಎತ್ತಿ ಒಗೆದರೆ ಅದು ಜಾರುವುದಿಲ್ಲ. ಗರ್ಭಕೋಶ ಜಾರುವ ತೊಂದರೆ ಹೆಚ್ಚಾಗಿ ಕಾಣುವುದು ಹಲವು ಹೆರಿಗೆಯಾದವರಲ್ಲಿ, ವಯಸ್ಸಾದವರಲ್ಲಿ. ಮುಟ್ಟಿನ ದಿನಗಳಲ್ಲಿ ಹೊಟ್ಟೆನೋವು ಇಲ್ಲದಿದ್ದರೆ ತಾಲೀಮು ಬಿಡಬೇಕಾಗಿಯೂ ಇಲ್ಲ. ಅವರಿಗೆ ಗೌರವದಿಂದ ಇಷ್ಟು ಹೇಳಿ: ಅತ್ತೆ, ನೀವು ಹೆದರುತ್ತಿರುವುದು ಸರಿಯಾದ ಅಂಗಕ್ಕೇ, ಆದರೆ ಅದಕ್ಕೆ ಅಪಾಯ ಬರುವುದು ಬೀಳುವುದರಿಂದಲ್ಲ, ಹಸಿವಿನಿಂದ. ತಾಲೀಮಿಗೆ ತಕ್ಕಷ್ಟು ಊಟ ಸಿಗದಿದ್ದರೆ ಮೈ ತನಗೆ ತುರ್ತಲ್ಲದ ಕೆಲಸಗಳನ್ನು ನಿಲ್ಲಿಸುತ್ತದೆ, ಮೊದಲು ನಿಲ್ಲುವುದು ಮುಟ್ಟು. ಜೊತೆಗೆ ಎಲುಬಿನ ಸಾಂದ್ರತೆ ಕುಸಿಯುತ್ತದೆ, ಕಾಲಿನ ಎಲುಬಿನಲ್ಲಿ ಸಣ್ಣ ಬಿರುಕು ಕಾಣಿಸಿಕೊಳ್ಳುತ್ತದೆ. ಮೂರು ತಿಂಗಳು ಸತತ ಮುಟ್ಟು ತಪ್ಪಿದರೆ 'ತಾಲೀಮು ಮಾಡುವ ಹುಡುಗಿಯರಿಗೆ ಹಾಗೇ' ಎಂದು ಸುಮ್ಮನಿರಬೇಡಿ. ಸ್ತ್ರೀರೋಗ ತಜ್ಞರಿಗೆ ತೋರಿಸಿ, ಊಟ ಹೆಚ್ಚಿಸಿ. ಕ್ಯಾಲೆಂಡರಿನಲ್ಲಿ ತಾರೀಖು ಗುರುತಿಡುವುದನ್ನು ಇವತ್ತಿನಿಂದಲೇ ಮಗಳಿಗೆ ರೂಢಿ ಮಾಡಿಸಿ.

ಊಟದ ಪಟ್ಟಿಗೆ ಬರೋಣ. ಪತ್ರಿಕೆಗಳಲ್ಲಿ ಬಂದ ಹಮೀದಾ ಬಾನು ಅವರ ದಿನದ ಊಟ ಹೀಗಿತ್ತು: 5.6 ಲೀಟರ್ ಹಾಲು, 2.8 ಲೀಟರ್ ಸೂಪು, 1.8 ಲೀಟರ್ ಹಣ್ಣಿನ ರಸ, ಒಂದು ಇಡೀ ಕೋಳಿ, ಹತ್ತಿರ ಹತ್ತಿರ ಒಂದು ಕೆ.ಜಿ. ಮಟನ್, ಅಷ್ಟೇ ಬಾದಾಮಿ, 450 ಗ್ರಾಂ ಬೆಣ್ಣೆ, 6 ಮೊಟ್ಟೆ, ಎರಡು ದೊಡ್ಡ ಬ್ರೆಡ್ಡು, ಎರಡು ತಟ್ಟೆ ಬಿರಿಯಾನಿ. ಲೆಕ್ಕ ಹಾಕಿ ನೋಡಿ. ಹಾಲು ಸುಮಾರು 3,600 ಕಿಲೊಕ್ಯಾಲರಿ, ಬಾದಾಮಿ 5,800, ಬೆಣ್ಣೆ 3,200. ಮೂರರಿಂದಲೇ 12 ಸಾವಿರ ದಾಟಿತು. ಮಾಂಸ, ಮೊಟ್ಟೆ, ಬಿರಿಯಾನಿ ಸೇರಿಸಿದರೆ 18 ಸಾವಿರದ ಸುತ್ತ ಬರುತ್ತದೆ. 108 ಕೆ.ಜಿ. ತೂಕದವರು ಆರು ತಾಸು ಬೆವರು ಸುರಿಸಿದರೂ ಖರ್ಚಾಗುವುದು ಐದಾರು ಸಾವಿರ. ಒಂದು ಕೆ.ಜಿ. ಬಾದಾಮಿಯಲ್ಲಿರುವ ನಾರೇ 120 ಗ್ರಾಂ ಮೀರುತ್ತದೆ, ಯಾವ ಹೊಟ್ಟೆಯೂ ಅದನ್ನು ದಿನಾ ತಾಳುವುದಿಲ್ಲ. ಆಕೆ ಚೆನ್ನಾಗಿ ತಿನ್ನುತ್ತಿದ್ದರು ಎಂಬುದರಲ್ಲಿ ಅನುಮಾನ ಬೇಡ. ಆದರೆ ಈ ಪಟ್ಟಿ ಲಾರಿಗೆ ಕಟ್ಟುವ ಬ್ಯಾನರಿನ ಭಾಷೆ, ಅಡುಗೆಮನೆಯ ಲೆಕ್ಕವಲ್ಲ. ನೋಡಲು ಜನ ಬರಬೇಕಾದರೆ ಪೈಲ್ವಾನಳ ಊಟವೂ ದೊಡ್ಡದಾಗಿರಬೇಕಿತ್ತು.

ವಸ್ತಾದರು ಹೇಳಿದ ಮೂರು ಲೀಟರ್ ಹಾಲು, ಕಾಲು ಕೆ.ಜಿ. ಬಾದಾಮಿಯ ಲೆಕ್ಕವೂ ಅಷ್ಟೆ. ಆಕಳ ಹಾಲಾದರೂ ಎರಡೂ ಸೇರಿ 3,400 ಕಿಲೊಕ್ಯಾಲರಿ, ಎಮ್ಮೆ ಹಾಲಾದರೆ ಇನ್ನೂ ಸಾವಿರ ಹೆಚ್ಚು. ನಿಮ್ಮ ಮಗಳಿಗೆ ಇಡೀ ದಿನಕ್ಕೆ ಬೇಕಾದದ್ದು 2,400ರಿಂದ 2,600. ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ: ಹಾಲಿನಲ್ಲೇ ಹೊಟ್ಟೆ ತುಂಬಿದವಳು ರೊಟ್ಟಿ, ಕಾಳುಪಲ್ಯ ಬಿಡುತ್ತಾಳೆ. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲದಷ್ಟು ಕಡಿಮೆ, ಅದರ ಕ್ಯಾಲ್ಸಿಯಂ ಉಳಿದ ಊಟದ ಕಬ್ಬಿಣವನ್ನೂ ಹೀರಿಕೊಳ್ಳಲು ಬಿಡುವುದಿಲ್ಲ. ಮುಟ್ಟಾಗುವ ವಯಸ್ಸಿನ ಹುಡುಗಿಗೆ ಇದು ನೇರ ರಕ್ತಹೀನತೆಯ ದಾರಿ. ಎಷ್ಟು ತಾಲೀಮು ಮಾಡಿದರೂ ಎರಡನೇ ಸುತ್ತಿಗೆ ಉಸಿರು ಸಾಲದು.

ಅವಳ ತೂಕಕ್ಕೆ, ಕೆ.ಜಿ.ಗೆ 1.6 ಗ್ರಾಂನಂತೆ ದಿನಕ್ಕೆ 83 ಗ್ರಾಂ ಪ್ರೋಟೀನು ಸಾಕು. ಮನೆಯ ಅಡುಗೆಯಲ್ಲೇ ಬರುತ್ತದೆ: ಅರ್ಧ ಲೀಟರ್ ಹಾಲಿನಿಂದ 16 ಗ್ರಾಂ, ಮೂರು ಮೊಟ್ಟೆಯಿಂದ 18, ಒಣ ತೂಕದಲ್ಲಿ 80 ಗ್ರಾಂ ಬೇಳೆಕಾಳಿನಿಂದ 18, ಒಂದು ದೊಡ್ಡ ಬಟ್ಟಲು ಮೊಸರಿನಿಂದ 7, ಒಂದು ಹಿಡಿ ಶೇಂಗಾದಿಂದ 7, ದಿನದ ಜೋಳದ ರೊಟ್ಟಿ ಅನ್ನ ಸೇರಿ 300 ಗ್ರಾಂ ಧಾನ್ಯದಿಂದ 25ರ ಮೇಲೆ. ಮೊಟ್ಟೆ ತಿನ್ನದ ಮನೆಯಾದರೆ ಕಾಳು 50 ಗ್ರಾಂ, ಹಾಲು ಒಂದು ಲೋಟ ಹೆಚ್ಚಿಸಿ. ಬಾದಾಮಿ ಕೊಡಲೇಬೇಕೆಂದರೆ ನೆನೆಸಿದ ಎಂಟು ಹತ್ತು ಸಾಕು, ಆ ದುಡ್ಡಿಗೆ ಶೇಂಗಾ ಹೆಚ್ಚು ಕೊಡಬಹುದು. ಮೊಳಕೆ ಕಾಳು, ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ. ಊಟದ ಹಿಂದೆ ಮುಂದೆ ಒಂದು ತಾಸು ಚಹಾ ಬೇಡ. ತಾಲೀಮಿಗೆ ಒಂದು ತಾಸು ಮುಂಚೆ ಬಾಳೆಹಣ್ಣು, ಮುಗಿದ ಮೇಲೆ ಒಂದು ತಾಸಿನೊಳಗೆ ಹಾಲು ಅಥವಾ ಊಟ. ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ, 12ಕ್ಕಿಂತ ಕಡಿಮೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ಪಂದ್ಯ.

ಪಿ.ಟಿ. ಮೇಷ್ಟ್ರ ಮಾತಿಗೆ ನನ್ನ ಉತ್ತರ ಖಂಡಿತವಾಗಿ ಬೇಡ ಎಂದು. 52ರಿಂದ 49ಕ್ಕೆ ಎಂದರೆ ದೇಹದ ತೂಕದ ಶೇ 6ರ ಹತ್ತಿರ. ಹತ್ತು ದಿನದಲ್ಲಿ ಅಷ್ಟು ಕೊಬ್ಬು ಕರಗುವುದಿಲ್ಲ, ಹೋಗುವುದು ನೀರು. ಹುಡುಗಿಯರು ಮಾಡುವುದೇನು ಎಂದು ಕ್ರೀಡಾ ವೈದ್ಯರಿಗೆಲ್ಲ ಗೊತ್ತು: ಕೊನೆಯ ಎರಡು ದಿನ ನೀರು ಕುಡಿಯುವುದಿಲ್ಲ, ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಸ್ವೆಟರ್ ಹಾಕಿ ಬಿಸಿಲಲ್ಲಿ ಓಡುತ್ತಾರೆ, ಉಗುಳುತ್ತಾರೆ, ಭೇದಿ ಮಾತ್ರೆ ನುಂಗುತ್ತಾರೆ. ನೀರು ಇಂಗಿದಾಗ ರಕ್ತದ ಪ್ರಮಾಣ ಇಳಿದು ಹೃದಯ ಜೋರಾಗಿ ಬಡಿಯಬೇಕಾಗುತ್ತದೆ. ಬೆವರು ನಿಂತು ಮೈ ಶಾಖ ಏರುತ್ತದೆ, ಪೊಟ್ಯಾಸಿಯಂ ಏರುಪೇರಾದರೆ ಹೃದಯದ ಲಯವೇ ತಪ್ಪಬಹುದು. ಅಮೆರಿಕದಲ್ಲಿ 1997ರ ಕೊನೆಯಲ್ಲಿ ಒಂದು ತಿಂಗಳ ಆಸುಪಾಸಿನಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುವಾಗಲೇ ಸತ್ತರು. ಅಲ್ಲಿಂದಾಚೆ ಅಲ್ಲಿನ ಶಾಲಾ ಕುಸ್ತಿಯಲ್ಲಿ ವಾರಕ್ಕೆ ಶೇ 1.5ಕ್ಕಿಂತ ಹೆಚ್ಚು ಇಳಿಸುವಂತಿಲ್ಲ, ಹುಡುಗಿಯರ ಮೈಯಲ್ಲಿ ಕೊಬ್ಬು ಶೇ 12ಕ್ಕಿಂತ ಕೆಳಗೆ ಹೋಗುವ ವಿಭಾಗಕ್ಕೆ ಅನುಮತಿಯೂ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಒಂದೇ ದಿನ ಮೂರು ಕುಸ್ತಿ ಗೆದ್ದು ಫೈನಲ್ ತಲುಪಿ, ಮರುದಿನ ಬೆಳಿಗ್ಗೆ 50 ಕೆ.ಜಿ.ಗಿಂತ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದದ್ದನ್ನು ನಿಮ್ಮ ಮಗಳು ನೋಡಿರುತ್ತಾಳೆ. ವೈದ್ಯರು, ಆಹಾರ ತಜ್ಞರು ಸುತ್ತ ಇದ್ದೂ ಆದದ್ದು ಅದು. ಬೆಳೆಯುವ ವಯಸ್ಸಿನವಳಿಗೆ ತೂಕ ಇಳಿಸುವ ಮಾತೇ ಬೇಡ. 17ರ ಒಳಗಿನ ಹುಡುಗಿಯರಲ್ಲಿ 49ರ ನಂತರ ಇರುವುದು 53ರ ವಿಭಾಗ, ಅವಳ ತೂಕ ಅದಕ್ಕೇ ಸರಿಯಾಗಿದೆ. ಹಸಿದು 49ರಲ್ಲಿ ಸೆಣಸುವುದಕ್ಕಿಂತ ಉಂಡು 53ರಲ್ಲಿ ಸೆಣಸಲಿ. ಒಂದು ಸಲ ಸೋತರೂ ಕಲಿಯುವುದು ಉಳಿಯುತ್ತದೆ.

ಹುಡುಗರ ಜೊತೆ ಜೋಡಿ ಎಂಬುದರಲ್ಲಿ ಎರಡು ಸಂಗತಿ ಬೆರೆತಿವೆ. ಗರಡಿಯಲ್ಲಿ ಪಟ್ಟು ಕಲಿಯಲು ಹುಡುಗ ಜೊತೆಗಾರನಾದರೆ ತೊಂದರೆಯಿಲ್ಲ. ತೂಕದಲ್ಲಿ ಶೇ 10ಕ್ಕಿಂತ ಹೆಚ್ಚು ಅಂತರ ಬೇಡ, ವಸ್ತಾದರು ಎದುರಿಗಿರಬೇಕು, ಸೋಲು ಗೆಲುವಿನ ಜಿದ್ದು ಇರಬಾರದು. ಜಾತ್ರೆಯ ಕಣ ಬೇರೆ. 14–15 ದಾಟಿದ ಹುಡುಗರಲ್ಲಿ ಭುಜ, ತೋಳು, ಕುತ್ತಿಗೆಯ ಬಲ ಅದೇ ತೂಕದ ಹುಡುಗಿಗಿಂತ ಸ್ಪಷ್ಟವಾಗಿ ಹೆಚ್ಚು. ಮೇಲಾಗಿ ಅಲ್ಲಿ ಸಾವಿರ ಜನ ಕೂಗುತ್ತಿರುತ್ತಾರೆ, ಹುಡುಗಿಯ ಕೈಲಿ ಸೋಲಬಾರದೆಂದು ಆ ಹುಡುಗ ಬಿಡಬೇಕಾದ ಹಿಡಿತವನ್ನೂ ಬಿಡುವುದಿಲ್ಲ. ಮೊಣಕೈ, ಭುಜದ ಕೀಲು ತಪ್ಪುವುದು ಇಂಥ ಗಳಿಗೆಯಲ್ಲೇ. ಗೆದ್ದರೆ ಏನಾಗಬಹುದು ಎಂಬುದಕ್ಕೆ ಕೊಲ್ಹಾಪುರದ ಕಲ್ಲುಗಳಿವೆ. ಹಮೀದಾ ಬಾನು ಅವರಿಗೆ ಬೇರೆ ದಾರಿಯೇ ಇರಲಿಲ್ಲ, ನಿಮ್ಮ ಮಗಳಿಗೆ ಇದೆ. ಮಹಿಳೆಯರ ಕುಸ್ತಿ 2004ರ ಅಥೆನ್ಸ್‌ನಿಂದ ಒಲಿಂಪಿಕ್ಸ್‌ನಲ್ಲಿದೆ, 2016ರ ರಿಯೊದಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು. ಮೈಸೂರು ದಸರಾದಲ್ಲಿ ಹೆಣ್ಣುಮಕ್ಕಳಿಗೆಂದೇ 'ದಸರಾ ಕಿಶೋರಿ' ಪ್ರಶಸ್ತಿ ಇದೆ. ನಿಮ್ಮ ಪಕ್ಕದ ಗದಗ, ಆಚೆಯ ಹಳಿಯಾಳದಿಂದ ಬಂದ ಹುಡುಗಿಯರು ರಾಜ್ಯವನ್ನು ಪ್ರತಿನಿಧಿಸಿದ್ದಾರೆ.

ಗಾಯಗಳನ್ನು ಮುಚ್ಚಿಡುವುದಿಲ್ಲ. ಮೊದಲನೆಯದು ಮಂಡಿ. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಸಾಧ್ಯತೆ, ತಿರುಗಿ ನೆಗೆಯುವ ಆಟಗಳಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಎರಡು ಮೂರು ಪಟ್ಟು. ಕಾರಣ ಹೆಚ್ಚಾಗಿ ಇಳಿಯುವಾಗ ಮಂಡಿ ಒಳಕ್ಕೆ ವಾಲುವುದು. ವಾರಕ್ಕೆ ಮೂರು ದಿನ, ತಾಲೀಮಿಗೆ ಮುಂಚೆ 15 ನಿಮಿಷ, ಒಂಟಿಕಾಲ ಬೈಠಕ್, ನೆಗೆದು ಮೆಲ್ಲಗೆ ಇಳಿಯುವುದು, ತೊಡೆಯ ಹಿಂಭಾಗದ ಕಸರತ್ತು ಮಾಡಿಸಿದರೆ ಅಪಾಯ ಗಣನೀಯವಾಗಿ ಇಳಿಯುತ್ತದೆ. ಕನ್ನಡಿಯೆದುರು ಮಾಡಲಿ, ಮಂಡಿ ಪಾದದ ಬೆರಳಿನ ನೇರಕ್ಕೇ ಇರಬೇಕು. 'ಟಪ್' ಎಂದು ಸದ್ದಾಗಿ ಒಂದೆರಡು ತಾಸಿನೊಳಗೆ ಮಂಡಿ ಊದಿದರೆ ಎಣ್ಣೆ ಹಚ್ಚಿ ನೀವಿಸಬೇಡಿ, ಎಲುಬು ಕೀಲು ತಜ್ಞರಿಗೆ ತೋರಿಸಿ.

ಕಿವಿಗೆ ಪೆಟ್ಟು ಬಿದ್ದು ಮೆತ್ತಗೆ ಊದಿಕೊಂಡರೆ ಒಳಗೆ ರಕ್ತ ಕಟ್ಟಿದೆ ಎಂದರ್ಥ. ಎರಡು ಮೂರು ದಿನದೊಳಗೆ ವೈದ್ಯರು ಅದನ್ನು ತೆಗೆದು ಒತ್ತುಪಟ್ಟಿ ಕಟ್ಟಿದರೆ ಕಿವಿ ಮೊದಲಿನಂತಾಗುತ್ತದೆ. ಬಿಟ್ಟರೆ ಹೂಕೋಸಿನಂತೆ ಗಟ್ಟಿಯಾಗಿ ಹಾಗೇ ಉಳಿಯುತ್ತದೆ. ಕೆಲವರಿಗೆ ಅದು ಪೈಲ್ವಾನಿಕೆಯ ಹೆಮ್ಮೆ, ಇರಲಿ, ಆದರೆ ಆಯ್ಕೆ ಮಗಳದ್ದಾಗಲಿ. ತಲೆಗೆ ಪೆಟ್ಟು ಬಿದ್ದು ಮಂಕಾದರೆ, ವಾಂತಿ ಬಂದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ ಆ ದಿನ ಮತ್ತೆ ಕಣಕ್ಕೆ ಇಳಿಸಲೇಬಾರದು, ಆಸ್ಪತ್ರೆಗೆ ಕರೆದೊಯ್ಯಿರಿ. ಒಂದೆರಡು ದಿನದ ವಿಶ್ರಾಂತಿಯ ನಂತರ ನಡಿಗೆ, ಓಟ, ಪಟ್ಟಿನ ಅಭ್ಯಾಸ, ಕೊನೆಗೆ ಕುಸ್ತಿ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ ಕೊಡಬೇಕು, ತಲೆನೋವು ಮರುಕಳಿಸಿದರೆ ಒಂದು ಮೆಟ್ಟಿಲು ಕೆಳಗೆ. ಪೂರ್ತಿ ಕುಸ್ತಿಗೆ ಬಿಡುವ ಮುನ್ನ ವೈದ್ಯರ ಒಪ್ಪಿಗೆ ಇರಲಿ.

ಚರ್ಮದ ಸೋಂಕು ಸಣ್ಣದೆನಿಸಿದರೂ ಗರಡಿಯಲ್ಲಿ ಅದೇ ಹೆಚ್ಚು ಕಾಡುವುದು. ಉಂಗುರದಂತೆ ಹಬ್ಬುವ ಹುಳುಕಡ್ಡಿಗೆ ಔಷಧಿ ಅಂಗಡಿಯವರು ಕೊಡುವ ಮಿಶ್ರಣದ ಮುಲಾಮಿನಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಎರಡು ದಿನದಲ್ಲಿ ತುರಿಕೆ ನಿಂತಂತೆ ಅನಿಸುತ್ತದೆ, ಸೋಂಕು ಮಾತ್ರ ಒಳಗೊಳಗೇ ಹರಡಿ ಗುಣವಾಗದ ಹಂತಕ್ಕೆ ಹೋಗುತ್ತದೆ. ಬರೀ ಶಿಲೀಂಧ್ರ ನಿವಾರಕ ಮುಲಾಮನ್ನೇ ಕೇಳಿ ಪಡೆದು, ಕಲೆ ಮಾಯವಾದ ಮೇಲೂ ಎರಡು ವಾರ ಹಚ್ಚಿ. ಶುರು ಮಾಡಿದ ಮೂರು ದಿನ ಯಾರ ಜೊತೆಗೂ ಕುಸ್ತಿ ಬೇಡ. ತಾಲೀಮು ಮುಗಿದ ಅರ್ಧ ತಾಸಿನೊಳಗೆ ಸ್ನಾನ, ಪ್ರತಿ ದಿನ ಒಗೆದ ಬಟ್ಟೆ, ಕತ್ತರಿಸಿದ ಉಗುರು, ಸ್ವಂತ ಟವೆಲ್. ಮಣ್ಣಿನಲ್ಲಿ ಆಡುವವಳಿಗೆ 16ನೇ ವರ್ಷದ ಧನುರ್ವಾಯು ಲಸಿಕೆ ತಪ್ಪಿಸಬೇಡಿ.

ಊರ ಗರಡಿಯ ಮಣ್ಣಿನ ಕುಸ್ತಿಯಿಂದ ಬಂದವಳಿಗೆ ಮ್ಯಾಟ್ ಕುಸ್ತಿ ಮೊದಲು ತಡವರಿಸುವಂತೆ ಮಾಡುತ್ತದೆ ಎಂಬುದನ್ನೂ ತಿಳಿದಿರಿ. ಅವಳ ವಯೋಮಾನದಲ್ಲಿ ಎರಡೆರಡು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್. ಎದುರಾಳಿಯನ್ನು ಕೆಡವಿ ಹಿಂದೆ ಹೋದರೆ 2 ಅಂಕ, ವೃತ್ತದಿಂದ ಹೊರಗೆ ತಳ್ಳಿದರೆ 1, 10 ಅಂಕದ ಅಂತರವಾದರೆ ಅಲ್ಲಿಗೇ ಗೆಲುವು. ಮಣ್ಣಿನಲ್ಲಿ ಕಾದು ಕಾದು ಹಿಡಿಯುವ ಅಭ್ಯಾಸ ಇಲ್ಲಿ ನಿಷ್ಕ್ರಿಯತೆಯ ಎಚ್ಚರಿಕೆ ತರುತ್ತದೆ. ಎರಡೂ ಕಂಕುಳಡಿ ಕೈ ತೂರಿಸಿ ಕುತ್ತಿಗೆ ಅದುಮುವ ಡಬಲ್ ನೆಲ್ಸನ್ ಹಿಡಿತ ಮಹಿಳೆಯರ ಕುಸ್ತಿಯಲ್ಲಿ ನಿಷಿದ್ಧ, ಗರಡಿಯಲ್ಲಿ ಅದು ರೂಢಿಯಿದ್ದರೆ ಈಗಲೇ ಬಿಡಿಸಿ. ವಾರಕ್ಕೆ ಎರಡು ದಿನವಾದರೂ ಮ್ಯಾಟ್ ಸಿಗುವ ಕಡೆ ಕಳಿಸಲು ನೋಡಿ. ಇಲಾಖೆಯ ಕ್ರೀಡಾ ವಸತಿ ನಿಲಯಗಳ ಆಯ್ಕೆ ಯಾವಾಗ ಎಂದು ಜಿಲ್ಲಾ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯಲ್ಲಿ ಕೇಳಿ. ಈ ದಾರಿಯಲ್ಲಿ ಪದಕ ಬಂದವರಿಗೆ ರೈಲ್ವೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾದಲ್ಲಿ ನೌಕರಿಯ ಅವಕಾಶ ಇದೆ. ಪದಕ ಬಾರದವರೇ ಹೆಚ್ಚು, ಆದ್ದರಿಂದ ಹತ್ತನೇ ತರಗತಿ, ಪಿಯುಸಿ ಬಿಡಿಸಬೇಡಿ.

ಕೊನೆಗೆ ಆ ಐದು ವರ್ಷದ ಕಾಗದ. ಟಿ.ವಿ.ಯ ಕುಸ್ತಿಯಲ್ಲಿ ಫಲಿತಾಂಶ ಮೊದಲೇ ಗೊತ್ತಿರುತ್ತದೆ, ಆದರೆ ಬೀಳುವುದು ನಿಜ, ಬೆನ್ನಿಗೆ ಕುತ್ತಿಗೆಗೆ ಬೀಳುವ ಹೊಡೆತ ನಿಜ. ಅದನ್ನು ಕೀಳೆಂದು ನಾನು ಹೇಳುವುದಿಲ್ಲ. ಅಮೆರಿಕದ ಟಿ.ವಿ. ಕುಸ್ತಿ ಸಂಸ್ಥೆ ಡಬ್ಲ್ಯುಡಬ್ಲ್ಯುಇ ಸೇರಿದ ಭಾರತದ ಮೊದಲ ಮಹಿಳೆ, ಹರಿಯಾಣದ ಕವಿತಾ ದೇವಿ 2017ರಲ್ಲಿ ಅಲ್ಲಿಗೆ ಹೋದದ್ದು 2016ರ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಭಾರ ಎತ್ತಿ ಚಿನ್ನ ಗೆದ್ದ ಮೇಲೆ. ಗಟ್ಟಿ ಅಡಿಪಾಯ ಮೊದಲು, ಪ್ರದರ್ಶನ ಆಮೇಲೆ. 15 ವರ್ಷಕ್ಕೆ ಆ ಆತುರ ಬೇಡ. ಕಾನೂನಿನ ಪ್ರಕಾರ 18 ತುಂಬದವರು ಮಾಡುವ ಕರಾರು ಊರ್ಜಿತವಲ್ಲ, ಅದಕ್ಕೇ ಅವರು ನಿಮ್ಮ ಸಹಿ ಕೇಳುತ್ತಿರುವುದು. ಕಾಗದವನ್ನು ಮನೆಗೆ ತೆಗೆದುಕೊಂಡು ಹೋಗಿ ಓದಲು, ವಕೀಲರಿಗೆ ತೋರಿಸಲು ಬಿಡದಿದ್ದರೆ ಅಲ್ಲಿಗೇ ಮಾತು ಮುಗಿಸಿ. ಬಿಟ್ಟರೆ ಇಷ್ಟನ್ನು ಹುಡುಕಿ: ಗಾಯವಾದರೆ ಖರ್ಚು ಯಾರದು, ನಡುವೆ ಬಿಟ್ಟರೆ ದಂಡ ಎಷ್ಟು, ಹಣ ಯಾರ ಖಾತೆಗೆ, ಪಾಸ್‌ಪೋರ್ಟ್ ಯಾರ ಬಳಿ, ಬೇರೆ ಪಂದ್ಯಕ್ಕೆ ಹೋಗಲು ಯಾರ ಅಪ್ಪಣೆ ಬೇಕು. ಕೊನೆಯ ಸಾಲಿಗೆ ಉತ್ತರ ಕಾಗದ ತಂದವರದೇ ಅಪ್ಪಣೆ ಎಂದಿದ್ದರೆ, ಹಮೀದಾ ಬಾನು ಯುರೋಪಿಗೆ ಹೋಗಲಾಗದೆ ಉಳಿದದ್ದನ್ನು ನೆನೆಸಿಕೊಳ್ಳಿ.

ಮಗಳ ಸುರಕ್ಷತೆಗೆ ಊರ ಗರಡಿಗೂ ಇದೇ ಎಚ್ಚರ. 2023ರ ಜನವರಿಯಲ್ಲಿ ದೇಶದ ಮುಂಚೂಣಿ ಕುಸ್ತಿಪಟುಗಳೇ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಹೆಸರಾದವರಿಗೇ ಬೀದಿಗೆ ಬರಬೇಕಾಯಿತು ಎಂದ ಮೇಲೆ ನಾವು ಮೊದಲೇ ಕಣ್ಣಿಡಬೇಕು. ತಾಲೀಮಿನ ಹೊತ್ತಿಗೆ ಇನ್ನೂ ಇಬ್ಬರು ಹುಡುಗಿಯರಾದರೂ ಇರಲಿ. ಬೇರೆ ಊರಿಗೆ ಪಂದ್ಯಕ್ಕೆ ಹೋಗುವಾಗ ಹೆಂಗಸೊಬ್ಬರು ಜೊತೆಗಿರಲಿ. ಎಣ್ಣೆ ನೀವುವುದು, ತೂಕ ನೋಡುವುದು ಮುಚ್ಚಿದ ಕೋಣೆಯಲ್ಲಿ ಗಂಡಸರಿಂದ ಆಗಬಾರದು. ನೀವು ಹೇಳದೆ ಹೋಗಿ ಕೂತು ನೋಡಲು ಅಡ್ಡಿ ಇರಬಾರದು. ಒಳ್ಳೆಯ ವಸ್ತಾದರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. 1098 ಮಕ್ಕಳ ಸಹಾಯವಾಣಿ ಎಂದು ಮಗಳಿಗೂ ತಿಳಿಸಿರಿ.

ಈ ವಾರ ಮಾಡಬೇಕಾದದ್ದು ಮೂರೇ ಕೆಲಸ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕಾಗದ ತಂದವರಿಗೆ 18 ತುಂಬಿದ ಮೇಲೆ ಬನ್ನಿ ಎಂದು ಹೇಳಿ ಕಳಿಸಿ. ಶಾಲೆಗೆ ಹೋಗಿ, ಪಂದ್ಯದ ಅರ್ಜಿಯಲ್ಲಿ ತೂಕದ ವಿಭಾಗ 53 ಕೆ.ಜಿ. ಎಂದು ನಿಮ್ಮೆದುರೇ ಬರೆಸಿ.